ಬದಲಾಯಿಸಿಕೊಂಡು ಬಂದ ಗುರುವಾರ

ಅಜ್ಜಿಯ ಗಂಟಿನಲ್ಲಿ ಇಪ್ಪತ್ನಾಲ್ಕು ಬೆಳ್ಳಿ ರೂಪಾಯಿಗಳಿದ್ದವು. ಡೈರಿ ಬರೆಯಲು ಶುರುಮಾಡಿದ ವರ್ಷವೇ ನಾನು ಅವುಗಳ ಪಟ್ಟಿ ಮಾಡಿದ್ದೆ: ರಾಣಿಯವು ಏಳು, ಬೋಳುತಲೆ ರಾಜನವು ನಾಲ್ಕು, ಕಿರೀಟವಿಟ್ಟ ಗಡ್ಡದ ರಾಜನವು ಎಂಟು, ಗಡ್ಡವಿಲ್ಲದ ರಾಜನವು ಐದು. ರಾಜರ ಹೆಸರು ಅಜ್ಜಿಗೆ ಬೇಕಿರಲಿಲ್ಲ, ನನಗೆ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ, ಹಬ್ಬದ ಹಿಂದಿನ ದಿನ, ಅವಳು ಅವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹಿತ್ತಲಿನ ಕಲ್ಲಿನ ಮೇಲೆ ಸಾಲಾಗಿ ಒಣಗಿಸುತ್ತಿದ್ದಳು. ಎಣಿಸುವುದು ನನ್ನ ಕೆಲಸ. ಬಿಸಿಲಿಗೆ ಅವು ಹೊಳೆಯುವುದನ್ನು ನೋಡುತ್ತ ಎಣಿಕೆ ನಡುವೆಯೇ ತಪ್ಪುತ್ತಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ದುಂಡನೆಯ ಬೆಳಕು ತೇಲುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಹೆಮ್ಮಿಗೆ. ಮೈಸೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ನನಗೆ ಸೀಟು ಸಿಕ್ಕಿದೆಯೆಂಬ ಕಾಗದ ಒಂದು ಸೋಮವಾರ ಬಂತು. ಶುಲ್ಕ ಮತ್ತು ಹಾಸ್ಟೆಲಿನ ಠೇವಣಿಯನ್ನು ಶನಿವಾರದೊಳಗೆ ಕಟ್ಟಬೇಕು. ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಅಪ್ಪ ಕಾಗದವನ್ನು ಎರಡು ಸಲ ಓದಿ, "ಮುಂದಿನ್ ವರ್ಸ ನೋಡುವ ಬುಡು" ಎಂದು ಗದ್ದೆಗೆ ಹೋದರು. ನಾನು ಡೈರಿಯಲ್ಲಿ ವಾರದ ದಿನಗಳನ್ನು ಉದ್ದಕ್ಕೆ ಬರೆದು ಸೋಮವಾರಕ್ಕೆ ಒಂದು ಗೆರೆ ಎಳೆದೆ.

ಸಂಜೆ ಅಜ್ಜಿ ಪಕ್ಕಕ್ಕೆ ಬಂದು ಕುಳಿತಳು. "ನನ್ ಗಂಟ ಬದಲಾಯಿಸ್ಕಂಡು ಬರುವ ಕಣವ್ವ."

"ಮಾರ್ತೀಯಾ ಅಜ್ಜಿ?"

"ಬಾಯ್ ಮುಚ್ಚು. ಲಕ್ಷ್ಮೀನ ಯಾರಾದ್ರೂ ಮಾರ್ತಾರಾ? ಬದಲಾಯಿಸ್ಕತಾರೆ."

ನಮ್ಮ ಮನೆಯಲ್ಲಿ ಆ ಮಾತು ಹಾಗೆಯೇ. ಎಮ್ಮೆಯನ್ನು ಮಾರುತ್ತಿದ್ದೆವು, ಭತ್ತ ಮಾರುತ್ತಿದ್ದೆವು; ಬೆಳ್ಳಿ ಬಂಗಾರಕ್ಕೆ ಮಾತ್ರ ಆ ಪದ ಹತ್ತುತ್ತಿರಲಿಲ್ಲ. ಅವು ಮಂಗಳವಾರ, ಶುಕ್ರವಾರ ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಆ ಎರಡು ದಿನಗಳನ್ನು ಡೈರಿಯಲ್ಲಿ ಹೊಡೆದುಹಾಕಿದೆ. ಶನಿವಾರ ಅಂಗಡಿ, ಮೈಸೂರು ಎರಡೂ ಮುಗಿಯುವ ಮಾತಲ್ಲ. ಅವತ್ತು ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಉಳಿದದ್ದು ಬುಧವಾರ, ಗುರುವಾರ.

ಬುಧವಾರ ನರಸೀಪುರಕ್ಕೆ ಹೋದೆವು. ಅಜ್ಜಿಗೆ ಪರಿಚಯದ ಚಿನ್ನ-ಬೆಳ್ಳಿ ಅಂಗಡಿಗೆ ಬೀಗ. ಪಕ್ಕದ ಟೈಲರು ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಮೊಮ್ಮಗೀಗೆ ನಾಮಕರಣ ಅಂತ ಓಗವ್ರೆ. ಭಾನ್ವಾರ ಬತ್ತಾರೆ" ಎಂದ. ಗಂಟು ಹೋದ ಹಾಗೆಯೇ ಮನೆಗೆ ಬಂತು.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು, ನರಸೀಪುರದಲ್ಲಿ ಬಸ್ಸು ಬದಲಿಸಿ ನಂಜನಗೂಡಿಗೆ ಹೋದೆವು. ಹೊಲಗಳ ಮೇಲೆ ಮಂಜು ಇನ್ನೂ ಮಲಗಿತ್ತು. ಅಜ್ಜಿಯ ಮಡಿಲಲ್ಲಿ ಗಂಟು, ಅವಳ ಭುಜದ ಮೇಲೆ ನನ್ನ ತಲೆ. ಬಸ್ಸು ಕುಲುಕಿದಾಗಲೆಲ್ಲ ನಾಣ್ಯಗಳು ಬಟ್ಟೆಯೊಳಗೆ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದವು. ನಿದ್ದೆ ಎಲ್ಲಿ ಮುಗಿಯಿತು, ಕಪಿಲೆಯ ಸೇತುವೆ ಎಲ್ಲಿ ಶುರುವಾಯಿತು ನನಗೆ ತಿಳಿಯಲಿಲ್ಲ. ಕೆಳಗೆ ನದಿ ಹೊಳೆಯುತ್ತಿತ್ತು. ಅದೂ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಬಂದಂತಿತ್ತು.

ಅಲ್ಲಿನ ಬೆಳ್ಳಿ ಅಂಗಡಿ ಮೂರು ಮೆಟ್ಟಿಲ ಮೇಲಿತ್ತು. ಬಿಳಿ ಹಾಸಿನ ಮೆತ್ತೆ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಕನ್ನಡಕದ ಹಿರಿಯರೊಬ್ಬರು ಕೈಮುಗಿದರು.

"ಬನ್ನಿ ತಾಯಿ, ಕೂತ್ಕೊಳ್ಳಿ. ಏನಾಗ್ಬೇಕಿತ್ತು?"

"ಏನಿಲ್ಲ ಸಾವ್ಕಾರ್ರೆ, ಇವ್ನ ಬದಲಾಯಿಸ್ಕಬೇಕಾಗಿತ್ತು."

"ಧಾರಾಳವಾಗಿ."

ಅವರು ಒಂದೊಂದೇ ನಾಣ್ಯವನ್ನು ಎತ್ತಿ ಕಪ್ಪು ಕಲ್ಲಿನ ಮೇಲೆ ಬೀಳಿಸಿದರು. ಸದ್ದು ಏಳುತ್ತಿತ್ತು, ಅಂಗಡಿಯ ಮೂಲೆ ಮೂಲೆಗೆ ಹೋಗಿ ಬರುತ್ತಿತ್ತು, ಅದು ಪೂರ್ತಿ ಆರುವವರೆಗೆ ಅವರು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ರಾಣಿಯ ರೂಪಾಯಿಗಳ ದನಿ ಎಲ್ಲಕ್ಕಿಂತ ಉದ್ದ. ನಾನು ಉಸಿರಿನ ಲೆಕ್ಕದಲ್ಲಿ ಅಳೆದೆ: ಎರಡು ಉಸಿರು, ಕೆಲವಕ್ಕೆ ಎರಡೂವರೆ. ಗಾಜಿನ ಪೆಟ್ಟಿಗೆಯ ಮೇಲೆ ಬಿಸಿಲಿನ ದೂಳು ತಿರುಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಕೊನೆಯ ಐದು ಮಾತ್ರ ಟಪ್ಪೆಂದು ಬಿದ್ದು ಸುಮ್ಮನಾದವು.

"ಇವು ಯುದ್ಧದ ಕಾಲದ್ದು ತಾಯಿ. ಬೆಳ್ಳಿ ಅರ್ಧ, ಬೇರೆ ಲೋಹ ಅರ್ಧ."

"ಮೊಕದಲ್ಲಿ ಗಡ್ಡ ಇಲ್ದಿದ್ದಾಗ್ಲೇ ನಂಗೆ ಅನುಮಾನ ಇತ್ತು" ಎಂದಳು ಅಜ್ಜಿ.

ಅವರು ನಗುತ್ತ ತೂಗಿದರು, ಚೀಟಿಯಲ್ಲಿ ಬರೆದರು, ಒಳಗೆ ಹೋಗಿ ಕೆಂಪು ಬಟ್ಟೆಯೊಂದನ್ನು ತಂದು ಬಿಚ್ಚಿದರು. ಬೆಳ್ಳಿಯ ಕಾಲ್ಚೈನುಗಳು, ಮೂರು ಜೊತೆ.

"ಹುಡುಗಿಗೆ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು? ಸೋಮಾರಾನೇ ಕಾಗ್ದ ಬಂತಲ್ಲ."

"ಬಹಳ ಸಂತೋಷ. ಯಾವ ಊರು?"

"ಮೈಸೂರು."

"ಒಳ್ಳೇದಾಯ್ತು. ಯಾವಾಗ ಇಟ್ಕೊಂಡಿದೀರಿ?"

"ಶನಿವಾರದೊಳ್ಗೆ ಕಟ್ಬೇಕಂತೆ."

ಅವರು ಕನ್ನಡಕ ತೆಗೆದರು. "ಶನಿವಾರ ಯಾರ್ ತಾಯಿ ತಾಳಿ ಕಟ್ಟಿಸ್ತಾರೆ?"

"ತಾಳಿ ಯಾತಕ್ಕೆ? ಪೀಜು! ಮಗ ಮೇಷ್ಟ್ರ ಕೆಲ್ಸಕ್ಕೆ ಓದ್ತದೆ."

"ಹಾಗಾದ್ರೆ ಕಾಲ್ಚೈನು?"

"ಅದ ನೀವೇ ತಂದಿಕ್ಕುದ್ರಿ. ನಾನೆಲ್ಲಿ ಕೇಳ್ದೆ?"

"ಬದಲಾಯಿಸ್ಬೇಕು ಅಂದ್ರಲ್ಲ ತಾಯಿ. ನಮ್ಮಲ್ಲಿ ಬದಲಾಯಿಸೋದು ಅಂದ್ರೆ ಹಳೇ ಬೆಳ್ಳಿ ಕೊಟ್ಟು ಹೊಸ ಒಡವೆ ತಗೊಳ್ಳೋದು. ಅದಕ್ಕೇ ತೂಕದಲ್ಲಿ ಕಳೆಯೋ ಕಟಾವು ಕಮ್ಮಿ ಹಾಕಿ ಚೀಟಿ ಬರೆದೆ."

ಅಜ್ಜಿ ಖಾಲಿ ಗಂಟಿನ ಬಟ್ಟೆಯನ್ನು ಮಡಿಸತೊಡಗಿದಳು. ಅವಳ ಎಪ್ಪತ್ತು ವರ್ಷಗಳ ಮಾತಿನಲ್ಲಿ ಬೇಕಾದ ಆ ಒಂದು ಪದ ಇರಲಿಲ್ಲ. ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಮೈಸೂರಿನ ಕೌಂಟರು ಮೂರಕ್ಕೆ ಮುಚ್ಚುತ್ತದೆಂದು ಕಾಗದದಲ್ಲಿತ್ತು. ಅದೆಲ್ಲ ನನಗೆ ನೆನಪಿತ್ತು. ಆದರೂ ಕಣ್ಣು ನಡುವಿನ ಜೊತೆಯ ಮೇಲೆಯೇ ಇತ್ತು. ಜೋಳದ ಕಾಳಿನಷ್ಟು ಪುಟ್ಟ ಗೆಜ್ಜೆಗಳು. ಅವನ್ನು ಹಾಕಿಕೊಂಡು ನಮ್ಮ ಹಜಾರದಲ್ಲಿ ನಡೆದಂತೆ, ನಾನು ಎಲ್ಲಿದ್ದೇನೆಂದು ಮನೆಗೆಲ್ಲ ಕೇಳಿಸುತ್ತಿರುವಂತೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಡೈರಿಯಲ್ಲಿ ಬರೆದಿಲ್ಲ.

ಅಜ್ಜಿ ನನ್ನ ಮುಖ ನೋಡಿದಳು. "ಬೇಕಾ ಮಗಾ?" ಎಂದಳು. ನಿಜವಾಗಿ ಕೇಳಿದಳು. ಹೂಂ ಎಂದಿದ್ದರೆ ಕೊಡಿಸುತ್ತಿದ್ದಳು, ಅಪ್ಪನೂ ಏನೂ ಅನ್ನುತ್ತಿರಲಿಲ್ಲ.

ನಾನು ಕೆಂಪು ಬಟ್ಟೆಯನ್ನು ಮಡಿಸಿ ಅವರ ಕಡೆಗೆ ಸರಿಸಿದೆ. "ನಾವು ಮಾರೋಕೆ ಬಂದಿರೋದು" ಎಂದೆ.

ಅಜ್ಜಿ ತಟ್ಟನೆ ಮುಖವನ್ನು ಬೀದಿಯ ಕಡೆಗೆ ತಿರುಗಿಸಿದಳು. ಹಿರಿಯರು ಅವಳನ್ನೂ ನನ್ನನ್ನೂ ನೋಡಿದರು.

"ಮಾರೋದು ಗೀರೋದು ಯಾಕಮ್ಮ ಮಾತು? ನೋಟಿಗೆ ಬದಲಾಯಿಸೋಣ. ಅದಕ್ಕೆ ದರ ಸ್ವಲ್ಪ ಬೇರೆ ಬರ್ತದೆ. ಆಗಬಹುದಾ ತಾಯಿ?"

"ಅಂಗೆ ಯೋಳಿ ಮತ್ತೆ" ಎಂದಳು ಅಜ್ಜಿ, ಬೀದಿಯನ್ನೇ ನೋಡುತ್ತ.

ಹೊಸ ಚೀಟಿ ಬರೆದರು. ಅವರು ಬರೆದ ಹಾಗೆಯೇ ನಾನೂ ಮನಸ್ಸಿನಲ್ಲಿ ಕೂಡಿದೆ. ಶುಲ್ಕಕ್ಕೆ, ಠೇವಣಿಗೆ ಸಾಲುತ್ತಿತ್ತು. ಬಸ್ಸಿನ ಚಾರ್ಜೂ ಮಿಗುತ್ತಿತ್ತು. ಅವರು ರಾಣಿಯ ಒಂದು ರೂಪಾಯಿಯನ್ನು ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟು, "ಗಂಟು ಬರಿದಾಗಬಾರದು, ಇದು ತೂಕಕ್ಕೆ ಸೇರಿಲ್ಲ" ಎಂದರು.

ಹೊರಗೆ ಬಂದ ಕೂಡಲೇ ಅಜ್ಜಿ ಅಪ್ಪಣೆ ಮಾಡಿದಳು: "ಮನೇಗೆ ಬ್ಯಾಡ. ನೋಟು ಒಂದ್ಸಲ ಒಳಿಕೆ ಬಂದ್ರೆ ನಾಳೆ ಶುಕ್ರವಾರ, ಆಚ್ಗೆ ಕಳ್ಸಕ್ಕಾಗಲ್ಲ. ಇಂಗಿಂಗೇ ಮೈಸೂರಿಗೆ ನಡಿ."

ಕೌಂಟರಿನ ಮುಂದೆ ನಿಂತಾಗ ಎರಡೂವರೆ. ಗುಮಾಸ್ತರು ನೋಟು ಎಣಿಸಿ ರಸೀದಿ ಹರಿದು ಕೊಟ್ಟರು. ಅಜ್ಜಿ ಅದನ್ನು ಓದಿಸಿದಳು, ನನ್ನ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿಸಿದಳು. ಹಿಂದೆ ನಿಂತವರು, "ಅಜ್ಜೀ, ನಾವೂ ಸ್ವಲ್ಪ ಓದ್ಕೋತೀವಿ, ಜಾಗ ಬಿಡಿ" ಎಂದು ನಕ್ಕರು.

ಕಾರಿಡಾರಿನ ಕೊನೆಯಲ್ಲಿ ಒಂದು ತರಗತಿಯ ಬಾಗಿಲು ತೆರೆದಿತ್ತು. ಖಾಲಿ ಬೆಂಚುಗಳು, ಅರ್ಧ ಅಳಿಸಿದ ಕಪ್ಪು ಹಲಗೆ, ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬೆಳಕು.

"ನೀನು ಎಲ್ಲಿ ಕೂತ್ಕತೀಯೆ?"

ನನಗೇನು ಗೊತ್ತು? ಕಿಟಕಿಯ ಪಕ್ಕದ ಮೂರನೆಯ ಬೆಂಚು ತೋರಿಸಿದೆ. ಅಜ್ಜಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ, ಸೆರಗು ಸರಿಮಾಡಿಕೊಂಡು ಅದರ ಮೇಲೆ ಕುಳಿತಳು. ಹಲಗೆಯನ್ನು ನೋಡಿದಳು. ಬೆಂಚನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು.

"ಬಾ, ನೀನೂ ಕೂತ್ಕ" ಎಂದು ಪಕ್ಕಕ್ಕೆ ಸರಿದಳು.