ತುಂಗತ್ತೆಯ ಪಾತ್ರ

ಕುರುಗೋಡಿನ ನನ್ನ ಸೋದರತ್ತೆ ತುಂಗಮ್ಮನ ಕುಂಕುಮ ಅಳಿಸಿದವನು ನಾನು. ಶಾಸ್ತ್ರ ಮಾಡಿಸಿದವರು ಬೇರೆ, ಮಂತ್ರ ಹೇಳಿದವರು ಬೇರೆ — ಆದರೂ ಆ ಕೆಲಸ ನನ್ನದೇ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಬಳ್ಳಾರಿಯವರಿಗೆ ನಾನು ಗೊತ್ತು. ಹಗಲು ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ನಾಟಕ ಬರೆಯುವವನು, ಕಲಿಸುವವನು, ಆಡುವವನು — ಮೂರೂ ನಾನೇ. ಕೌಲ್ ಬಜಾರಿನ ಹತ್ತಿ ಗೋದಾಮಿನಲ್ಲಿ ಹಲಗೆ ಜೋಡಿಸಿ ಆಡುತ್ತಿದ್ದೆವು. ರಾಜ, ರಾಕ್ಷಸ, ಸನ್ಯಾಸಿ, ಮುದುಕಿ — ಏನು ಕೊಟ್ಟರೂ ಸೈ ಅನ್ನಿಸಿಕೊಂಡಿದ್ದೆ. ನನ್ನ ವಿದ್ಯೆಯ ಗುಟ್ಟು ದೊಡ್ಡದೇನಲ್ಲ: ಕಂಡವರನ್ನು ಕದಿಯುತ್ತಿದ್ದೆ. ರಾಜನ ನಡಿಗೆ ನಮ್ಮ ಅಮಲ್ದಾರರದು, ರಾಕ್ಷಸನ ನಗು ಎಣ್ಣೆ ಅಂಗಡಿಯ ಸಾಹುಕಾರರದು. ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ನಾಚಿಕೆಯಾಗುತ್ತಿರಲಿಲ್ಲ.

ತಾಯಿ ಸತ್ತ ನನ್ನನ್ನು ಕುರುಗೋಡಿಗೆ ಕರೆದೊಯ್ದು ಸಾಕಿದವಳು ತುಂಗತ್ತೆ. ನಾನು ಹುಟ್ಟುವ ಮೊದಲೇ ಅವಳ ಗಂಡ, ನನ್ನ ಮಾವ, ಕಾಶಿಗೆ ಹೋಗಿಬರುತ್ತೇನೆಂದು ಹೊರಟವರು — ಬರಲಿಲ್ಲ. ನಮ್ಮವರಲ್ಲಿ, ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತನೆಂದೇ ತಿಳಿದು ದರ್ಭೆಯ ಗೊಂಬೆ ಮಾಡಿ ಸುಡುತ್ತಾರೆ. ಹೆಂಡತಿಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಾರೆ. ಆ ಗಡುವು ಎಂದೋ ದಾಟಿತ್ತು. ಆದರೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಸಪ್ಪಳವಾದರೆ ಅತ್ತೆ ಒಳಗಿನಿಂದಲೇ ಕೇಳುತ್ತಿದ್ದಳು — "ಬಂದ್ರೇನ್ರಿ?" ಅಳುವಿಲ್ಲ, ಗೋಳಿಲ್ಲ, ಬೆಳಿಗ್ಗೆ ಪೇಟೆಗೆ ಹೋದವರನ್ನು ಕೇಳುವ ಹಾಗೆ. ಆ ದನಿ ಕಿವಿಗೆ ಬಿದ್ದ ಮೇಲೆ ಗೊಂಬೆಯ ಮಾತೆತ್ತಲು ಯಾವ ಹಿರಿಯರಿಗೂ ನಾಲಿಗೆ ಏಳುತ್ತಿರಲಿಲ್ಲ. ಸಿರುಗುಪ್ಪದಲ್ಲಿದ್ದ ಅವಳ ಮೈದುನ ಭೀಮರಾಯರು ಅದನ್ನೇ ಹೇಳಬೇಕೆಂದು ಬರುವರು, ಊಟ ಮಾಡಿ ಸುಮ್ಮನೆ ಹಿಂದಿರುಗುವರು.

ಆ ದನಿಯನ್ನು ನಾನು ಕದ್ದೆ. ಒಂದು ಪ್ರಹಸನ ಬರೆದೆ: ಬೆಕ್ಕು ಬಂದರೂ, ಗಾಳಿಗೆ ಕದ ಅಲುಗಿದರೂ, ಹಾಲಿನವಳು ಬಂದರೂ "ಬಂದ್ರೇನ್ರಿ?" ಎಂದು ಸೆರಗು ಸರಿಮಾಡಿಕೊಂಡು ಓಡಿಬರುವ ಮುದುಕಿ. ಮುದುಕಿ ನಾನೇ. ಗೋದಾಮಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡ ಅಷ್ಟಾಗಿ ಬಾರದ ತೆಲುಗಿನವರೂ ನಕ್ಕರು! ನಾನು ಉಬ್ಬಿಹೋದೆ.

ಸಿರುಗುಪ್ಪದವರು ಕರೆಸಿಕೊಂಡರು. ಆಟ ಮುಗಿದ ಮೇಲೆ ಭೀಮರಾಯರು ಬಣ್ಣದ ಕೋಣೆಗೆ ಬಂದರು — ನಕ್ಕು ನಕ್ಕು ಕಣ್ಣಲ್ಲಿ ನೀರು.

"ಖರೇ ಹೇಳೋ ವೆಂಕೋಬ, ನಮ್ಮ ಅತ್ತಿಗೀನ ಅಲ್ಲೇನು ಅದು?"

ಅಲ್ಲ ಎನ್ನಬಹುದಿತ್ತು. ಒಂದೇ ಮಾತು... ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

"ಮತ್ತ ಯಾರ್ರಿ? ಅಕಿನ್ನ ಬಿಟ್ರ ಇಂಥಾ ಮುದುಕಿ ಎಲ್ಲಿ ಸಿಗ್ತಾಳ?"

ಅವರು ಇನ್ನೊಮ್ಮೆ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಷ್ಟು ದಿನ ಅಕಿ ಹಂಗ ಕೇಳೋದಕ್ಕ ಅಂಜಿದ್ದೆ ನೋಡು. ಬರೇ ಹುಚ್ಚು ಅಂತ ತಿಳದಿರ್ಲಿಲ್ಲ" ಎಂದರು.

ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಸುಳ್ಳು ಹೇಳಲಾರೆ. ಹುಚ್ಚಲ್ಲ, ನಾನು ನಗಿಸಲು ಹಾಗೆ ತಿರುಚಿದೆ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಸುಮ್ಮನೆ ಮುಖದ ಬಣ್ಣ ಒರೆಸಿಕೊಳ್ಳುತ್ತ ಕೂತೆ.

ಅಮಾವಾಸ್ಯೆಯೊಳಗೆ ಗೊಂಬೆ ಸುಟ್ಟರು. ನನಗೆ ಸುದ್ದಿ ಮುಟ್ಟಿ ಕುರುಗೋಡಿಗೆ ಹೋದಾಗ ಅತ್ತೆ ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಬಿಗಿಯಾಗಿ ಹೊದ್ದು ಅಕ್ಕಿ ಆರಿಸುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಲ್ಲಾರೂ ಭಾಳ ನಕ್ಕರಂತ, ಹೌದೇನೋ?"

ನಾನು ಮೊರದ ಎದುರು ಕೂತೆ.

"ನಾ ಹೆಂಗ ಕೇಳ್ತಿದ್ದೆ, ಒಂದ್ಸಲ ಮಾಡಿ ತೋರ್ಸು. ಇನ್ನ ಮ್ಯಾಲೆ ನಾ ಕೇಳಾಕ ಬರಂಗಿಲ್ಲಲ್ಲ."

ಚೇಷ್ಟೆಯಲ್ಲ, ಚುಚ್ಚುಮಾತೂ ಅಲ್ಲ. ಆಸೆಯಿಂದ ಕೇಳಿದಳು — ಚಿಕ್ಕ ಹುಡುಗಿ ತಿಂಡಿ ಕೇಳಿದ ಹಾಗೆ. ಮಾಡಬಾರದಿತ್ತೋ, ಮಾಡಲೇಬೇಕಿತ್ತೋ... ಇಂದಿಗೂ ತಿಳಿದಿಲ್ಲ. ಮಾಡಿದೆ. ನಗಿಸಲು ಸೇರಿಸಿದ್ದನ್ನೆಲ್ಲ ಬಿಟ್ಟು, ಅವಳು ಕೇಳುತ್ತಿದ್ದ ಹಾಗೆಯೇ, ಅವಳದೇ ದನಿಯಲ್ಲಿ ಕೇಳಿದೆ — "ಬಂದ್ರೇನ್ರಿ?"

ಅತ್ತೆಯ ಕೈ ಮೊರದಲ್ಲೇ ನಿಂತಿತು. ತಟ್ಟನೆ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ದೇವರಾಣೆ, ಅವರು ಬಂದುಬಿಡಲಿ ಎಂದು ನಾನು ಮೊದಲ ಸಲ ಬೇಡಿಕೊಂಡದ್ದು ಆಗ. ಹೊರಗೆ ಬಿಸಿಲಿತ್ತು, ಯಾರೂ ಇರಲಿಲ್ಲ.

"ಚಲೋ ಮಾಡ್ತಿ" ಎಂದು ಅವಳು ಮತ್ತೆ ಅಕ್ಕಿಗೆ ಬಗ್ಗಿದಳು.

ಅತ್ತೆ ತೀರಿಕೊಂಡು ಬಹಳ ದಿನವಾಯಿತು. ಆ ಪ್ರಹಸನ ಆಡಿರೆಂದು ಈಗಲೂ ಕೇಳುತ್ತಾರೆ. ಗಂಟಲು ಸರಿಯಿಲ್ಲ ಎನ್ನುತ್ತೇನೆ. ಗಂಟಲು ಚೆನ್ನಾಗಿಯೇ ಇದೆ. ಕುರುಗೋಡಿನ ಆ ಮನೆಗೆ ಈಗಲೂ ಹೋಗಿ ಇದ್ದು ಬರುತ್ತೇನೆ. ಮಾವನವರ ಮುಖ ನಾನು ಕಂಡವನಲ್ಲ. ಎಂದಾದರೂ ಅವರು ಬಂದರೆ, ನೀವು ಬದುಕಿರುವಾಗಲೇ ನಿಮ್ಮನ್ನು ಸುಟ್ಟವನು ನಾನು ಎಂದು ಹೇಳಬೇಕು. ಅದಕ್ಕಾಗಿ ಕಾಯುತ್ತೇನೆ — ಅವರಿಗಾಗಿ ಕಾಯುವವರು ಈಗ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ.