ಗೋರ್ ಎಂದು ಬರೆಸಿದ ಸರ್

ಮಸ್ಕಿಯಲ್ಲಿ ನಾನು ಕಲಿಸುವ ಶಾಲೆಯ ಬೀರು ಖಾಲಿ ಮಾಡುವಾಗ ಹಳೆಯದೊಂದು ಜಗತ್ತಿನ ನಕಾಶೆ ಸಿಕ್ಕಿತು. ಬಿಚ್ಚಿದೊಡನೆ ನುಸಿಗುಳಿಗೆಯ ಘಾಟು. ಆ ಘಾಟಿನ ಹಿಂದೆಯೇ ಲಿಂಗಸುಗೂರಿನ ಎಂಟನೇ ತರಗತಿ, ಸಮಾಜ ವಿಷಯ ಕಲಿಸುತ್ತಿದ್ದ ನಮ್ಮ ಸರ್…

ನಿನ್ನೆ ಯಾಕೆ ಬರಲಿಲ್ಲ ಎಂದು ಅವರು ಒಂದು ದಿನ ನನ್ನನ್ನು ಕೇಳಿದ್ದರು.

"ಯಾಡಿಗೆ ಜ್ವರ ಬಂದಿದ್ದುವ್ರಿ ಸರ್" ಎಂದೆ. ಲಂಬಾಣಿ ತಾಂಡಾದ ನಮಗೆ ಅವ್ವ ಎಂದರೆ ಯಾಡಿ. ಇಡೀ ತರಗತಿ ನಕ್ಕಿತು.

ಸರ್ ನಗಲಿಲ್ಲ. ಗೋಡೆಯ ನಕಾಶೆಯಲ್ಲಿ ಮೆಕ್ಸಿಕೋದ ಬೆಟ್ಟಗಳ ಮೇಲೆ ಬೆರಳಿಟ್ಟರು. ಅಲ್ಲಿ ತೆಪೆಹುವಾನ್ ಎಂಬ ಜನ ಇದ್ದಾರೆ, ಬೆಳ್ಳಿಯ ಆಸೆಗೆ ಬಂದ ಸ್ಪೇನಿನವರು ಅವರನ್ನು ಗಣಿಗೆ ದೂಡಿದರು, ನಾನೂರು ವರ್ಷಗಳ ಹಿಂದೆ ಅವರು ತಿರುಗಿಬಿದ್ದು ಸೋತರು, ಉಳಿದವರು ಬೆಟ್ಟ ಹತ್ತಿದರು ಎಂದರು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರ ಮಕ್ಕಳೂ ನಗು ನಿಲ್ಲಿಸಿ ಕೇಳತೊಡಗಿದರು.

"ಭೂಮಿ ಹೋತು, ಭಾಷಾ ಬಿಡಲಿಲ್ಲ ಅವ್ರು. ತೆಪೆಹುವಾನ್ ಅಂಬೋದು ಬ್ಯಾರೇದವ್ರು ಇಟ್ಟ ಹೆಸ್ರು. ಅವರೊಳಗ ಕೆಲವ್ರು ತಮಗ ತಾವು ಓದಮ್ ಅಂತಾರ." ನನ್ನತ್ತ ತಿರುಗಿದರು. "ನಾವು ನಿಮಗ ಲಂಬಾಣ್ಯಾರು ಅಂತೀವಿ. ನಿಮಗ ನೀವು ಏನಂತೀರಿ?"

"ಗೋರ್ ಅಂತೀವ್ರಿ."

"ಬಾ, ಬೋರ್ಡಿನ ಮ್ಯಾಲ ಬರಿ."

ಬರೆದೆ.

ಆ ರವಿವಾರವೇ ಸರ್ ನಮ್ಮ ಮಾತುಗಳನ್ನು ಅರ್ಥಸಹಿತ ಬರೆದುಕೊಳ್ಳಲು ಸೈಕಲ್ ತುಳಿದು ತಾಂಡಾಕ್ಕೆ ಬಂದರು. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ತಿರುಗಿದ ಹಿರಿಯರ ಮಾತುಗಳು ನನ್ನ ಅಜ್ಜಿಗೆ ಗೊತ್ತಿದ್ದವು. "ಇದನ್ನ ಬರ್ಕೊಂಡು ಏನ್ಮಾಡ್ತೀರಿ, ಹೋಗ್ರಿ" ಎಂದು ಮೂರು ವಾರ ಕಳಿಸಿಬಿಟ್ಟಳು. ನಾಲ್ಕನೆಯ ವಾರವೂ ಬಂದಾಗ ಚಾಪೆ ಹಾಸಿದಳು.

ಸಿಂಧನೂರಿಗೆ ವರ್ಗವಾದ ಮೇಲೂ ಬಸ್ಸು ಹಿಡಿದು ಬರುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಬೇರೆ ತಾಂಡಾಗಳಿಗೆ ಇಬ್ಬರೂ ಅಲೆದೆವು. ನಿವೃತ್ತಿಯ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಅಷ್ಟೊಂದು ಮಾತು ಕೂಡಿಸಿದವರ ಬಾಯಿಂದ ಒಂದು ಮಾತೂ ಹೊರಡದಾಯಿತು… ತಾಂಡಾಗಳಲ್ಲಿ ಕೇಳಿದ ಮಾತುಗಳನ್ನು ನಾನು ಬರೆದುಕೊಂಡು ಹೋಗಿ ಹಾಸಿಗೆಯ ಪಕ್ಕ ಕೂತು ಓದುತ್ತಿದ್ದೆ. ತಪ್ಪಿದ್ದರೆ ಎಡಗೈಯಿಂದ ಪೆನ್ನು ಕಸಿದುಕೊಂಡು ತಿದ್ದುತ್ತಿದ್ದರು. ಒಂದು ದೀರ್ಘವನ್ನೂ ಬಿಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿತು, ಮುಖ ನೋಡಲಾಗಲಿಲ್ಲ. ಅವರ ಹೆಂಡತಿ ಆ ಮಾತುಗಳ ಹಾಳೆಗಳ ಗಂಟನ್ನು ನನ್ನ ಕೈಗಿಟ್ಟು, "ನಿಮ್ಮ ಸರ್ ಇರೂತನಕ ಮುಗೀಲಿಲ್ಲ. ನೀ ಮುಗಸ್ತೀಯೇನು?" ಎಂದರು.

"ಮುಗಸ್ತೀನ್ರಿ ಅಮ್ಮಾ."

ಇನ್ನೂ ಮುಗಿದಿಲ್ಲ. ಕೆಲವು ಮಾತುಗಳ ಅರ್ಥ ಬಲ್ಲವರು ಈಗ ಯಾರೂ ಉಳಿದಿಲ್ಲ. ಅವುಗಳ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಉಳಿದದ್ದನ್ನು ದಿನಾ ಬೆಳಿಗ್ಗೆ, ಶಾಲೆಗೆ ಹೊರಡುವ ಮುನ್ನ, ಬರೆಯುತ್ತೇನೆ.