ಜಾಲಿ ಮುಳ್ಳು ಹಾಕಿದ ದಾರಿ

ಹೋದ ವಾರ ಯೂನಿವರ್ಸಿಟಿಯ ಇಂಜಿನಿಯರೊಬ್ಬರು ನಮ್ಮ ಹೊಲಕ್ಕೆ ಬಂದಿದ್ದರು. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಕಾಲಲ್ಲಿ ಬಿಳಿ ಶೂ. (ಉತ್ತ ಹೊಲಕ್ಕೆ ಬಿಳಿ ಶೂ ಹಾಕಿಕೊಂಡು ಬರುವವರಿಗೆ ಏನು ಹೇಳುವುದು?)

"ಅಜ್ಜಿ, ನಿಮ್ಮೂರಿಂದ ಕ್ಯಾಂಪಸ್‌ಗೆ ನಡ್ಕೊಂಡು ಬರೋರಿಗೆ, ಸೈಕಲ್‌ನೋರಿಗೆ ಒಂದು ದಾರಿ ಮಾಡೋಣ ಅಂತಿದೀವಿ. ನಿಮ್ಮ ಹೊಲದ ಮೇಲೆ ಬಂದ್ರೆ ಹತ್ರ. ಏನಂತೀರಾ?"

ಏನನ್ನಲಿ? ದಾರಿ ಇತ್ತು. ಮುಚ್ಚಿದವಳು ನಾನೇ.

ನಮ್ಮೂರು ತುಮಕೂರಿಂದ ಬೆಳ್ಳಾವಿಗೆ ಹೋಗುವ ಕಡೆ. ನನ್ನ ರಾಗಿ ಹೊಲ ದಾಟಿದರೆ ಕ್ಯಾಂಪಸ್ಸಿನ ಹಿಂದಿನ ಗೇಟು. ಕಾಲು ಗಂಟೆ ನಡಿಗೆ. ರೋಡಲ್ಲಾದರೆ ಲಾರಿಗಳ ನಡುವೆ ಸುತ್ತಿಕೊಂಡು ಮುಂದಿನ ಗೇಟಿಗೆ ಹೋಗಬೇಕು.

ನಮ್ಮ ಕಡೆ ಹೊಲದ ಕಾಲುದಾರಿಗೆ ಒಂದು ರೂಢಿ ಇದೆ. ಮಳೆ ಬಿದ್ದ ಮೇಲೆ ಹೊಲದವರು ದಾರಿಯನ್ನೂ ಸೇರಿಸಿ ಉತ್ತು ಬಿತ್ತುತ್ತಾರೆ. ಮಾರನೇ ದಿನವೇ ಜನ ಅದೇ ಜಾಗದಲ್ಲಿ ತುಳಿದು ಮತ್ತೆ ದಾರಿ ಮಾಡಿಕೊಳ್ಳುತ್ತಾರೆ. ಉಳುವುದು ನಮ್ಮ ಕೆಲಸ, ತುಳಿಯುವುದು ಅವರ ಕೆಲಸ. ಯಾರೂ ಯಾರನ್ನೂ ಬೈಯುವಂತಿಲ್ಲ. ನಮ್ಮತ್ತೆ ಕಾಲದಿಂದಲೂ ಹೀಗೇ.

ಹೋದ ವರ್ಷ ಬೈಕಿನವರೂ ಈ ದಾರಿ ಹಿಡಿಯಲು ಶುರು ಮಾಡಿದರು. ಮುಂದಿನವನನ್ನು ಓವರ್‌ಟೇಕ್ ಮಾಡಲು ಒಬ್ಬ ಪೈರಿನ ಮೇಲೇ ಹತ್ತಿಸಿದ. (ಹೊಲದಲ್ಲೂ ಓವರ್‌ಟೇಕು!) ಪಿತ್ತ ನೆತ್ತಿಗೇರಿತು. ಎರಡೂ ತುದಿಗೆ ಜಾಲಿ ಮುಳ್ಳು ಕಡಿಸಿ ಹಾಕಿಸಿದೆ.

ಮರುದಿನ ಬೆಳಿಗ್ಗೆ ಮುಳ್ಳಿನ ಮುಂದೆ ಪವಿತ್ರ ಸೈಕಲ್ ಹಿಡಿದು ನಿಂತಿದ್ದಳು. ಪಕ್ಕದ ಮನೆ ಜಯಮ್ಮನ ಮಗಳು. ಎಂಎಸ್ಸಿ ಓದುತ್ತಿದ್ದಳು. ಒಂದು ಪೈರು ಮುರಿದವಳಲ್ಲ.

"ಅಜ್ಜಿ, ನಂಗೊಂಚೂರು ಸಂದಿ ಬುಡಜ್ಜಿ. ಸೈಕಲ್ ಎತ್ಕೊಂಡು ದಾಟ್ತೀನಿ."

"ನಿಂಗೆ ಬುಟ್ರೆ ಬೈಕ್‌ನೋರೂ ನುಗ್ತಾರೆ. ಟಾರ್ ರೋಡ್ ಐತಲ್ಲೇ, ಅದ್ರಲ್ಲೋಗು."

"ರೋಡ್ ತುಂಬ ಲಾರಿ ಅಜ್ಜಿ."

"ಲಾರಿ ಏನು, ಹುಡುಕ್ಕೊಂಡು ನಿನ್ ಮೇಲೇ ಬತ್ತದಾ?"

ಬಂತು. ಎರಡು ವಾರವೂ ಆಗಿರಲಿಲ್ಲ. ಜಲ್ಲಿ ತುಂಬಿದ ಟಿಪ್ಪರ್. ಜೀವ ಉಳಿಯಿತು. ಬಲಗಾಲು ಮಂಡಿಯಿಂದ ಕೆಳಕ್ಕೆ ಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಎಳನೀರು ತೆಗೆದುಕೊಂಡು ನೋಡಲು ಹೋದೆ. ಜಯಮ್ಮ ಬೈಯಲಿಲ್ಲ. ಕಾಫಿ ಕೊಟ್ಟಳು. ಬೈದಿದ್ದರೆ ಕುಡಿಯುವುದು ಸುಲಭವಾಗುತ್ತಿತ್ತು.

"ರಾಗಿ ಹೆಂಗ್ ಬಂತಜ್ಜಿ?" ಅಂದಳು ಪವಿತ್ರ.

"ಚೆನ್ನಾಗ್ ಬಂತು ಕಣೇ."

ಸುಳ್ಳು ಹೇಳಲಿಲ್ಲ. ಮುಳ್ಳು ಹಾಕಿಸಿದ ಮೇಲೆ ಹೊಲಕ್ಕೆ ಒಂದು ಕಾಲೂ ಬಿದ್ದಿರಲಿಲ್ಲ. ಅದೇ ರಾಗಿಯ ಮುದ್ದೆ ಇವತ್ತಿಗೂ ಉಣ್ಣುತ್ತಿದ್ದೇನೆ. ಬಿಸಾಡಲಾಗುತ್ತದೆಯೇ?

"ಮತ್ತೆ ಕಾಲೇಜು?" ಅಂತ ಕೇಳಿದೆ. ಕೇಳಬಾರದಿತ್ತು.

"ಯಾವ್ ದಾರೀಲಿ ಹೋಗ್ತಾಳಕ್ಕ?" ಅಂದಳು ಜಯಮ್ಮ. ಅಷ್ಟೇ.

ಅವತ್ತು ಸಂಜೆಯೇ ಮುಳ್ಳು ತೆಗೆಸಿದೆ. ಏನು ಬಂತು? ಊರಿನ ಮಿಕ್ಕವರು ಬಸ್ಸು, ಬೈಕು ಅಂತ ರೋಡು ಹಿಡಿದಾಗಿತ್ತು. ಈ ಸಲ ಬಿತ್ತಿದ ಮೇಲೆ ತುಳಿಯಲು ಒಬ್ಬರೂ ಬರಲಿಲ್ಲ. ಅದಕ್ಕೇ ನಾನೇ ತುಳಿಯುತ್ತಿದ್ದೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಿಂದಿನ ಗೇಟಿನವರೆಗೂ ಹೋಗಿ ವಾಪಸ್. ಮಳೆ ಬಂದರೆ ಮೆತ್ತಗಾಗುತ್ತದೆ. ಪವಿತ್ರಳ ಊರುಗೋಲು ಆ ಮಣ್ಣಲ್ಲಿ ಗೇಣುದ್ದ ಇಳಿಯುತ್ತದೆ. ಒಂದು ದಿನ ಬಂದು ನೋಡಿದಳು. ಹತ್ತು ಹೆಜ್ಜೆ ಇಟ್ಟು ವಾಪಸ್ ಹೋದಳು.

"ಈ ದಾರೀಲಿ ದಿನಾ ಎಷ್ಟು ಜನ ಓಡಾಡ್ತಾರಜ್ಜಿ?" ಇಂಜಿನಿಯರು ಪೆನ್ನು ತೆಗೆದರು.

"ಒಬ್ಳೇ. ನಾನು."

"ನಿಮ್ಗೇನ್ ಕೆಲ್ಸ ಕ್ಯಾಂಪಸ್ಸಲ್ಲಿ?"

"ಏನೂ ಇಲ್ಲ. ಎಷ್ಟಗಲ ಬೇಕೋ ತಗೊಳ್ಳಿ ಸ್ವಾಮಿ, ಬರ್ಕೊಡ್ತೀನಿ. ಊರುಗೋಲು ಊರ್ಕೊಂಡು ಹೋಗೋರ್ಗೂ ಆಗೋ ಹಂಗೆ ಗಟ್ಟಿಯಾಗಿ ಮಾಡಿ. ಯಾವಾಗ ಆಯ್ತದೆ?"

ಅವರು ನಕ್ಷೆ ಸುತ್ತಿದರು. ಸರ್ವೆ ಆಗಬೇಕಂತೆ, ಮೇಲಿನಿಂದ ಒಪ್ಪಿಗೆ ಬರಬೇಕಂತೆ, ಟೆಂಡರ್ ಆಗಬೇಕಂತೆ. "ಎಲ್ಲಾ ಸರಿ ಹೋದ್ರೆ ಮೂರು ವರ್ಷ ಅಜ್ಜಿ."

ಮುಳ್ಳು ಹಾಕಿಸಲು ನನಗೆ ಹಿಡಿದದ್ದು ಅರ್ಧ ದಿನ.